ಯಾರಿಗೆ ಯಾರು ಸಾಟಿ? : ರಾಕ್ ಸಂಗೀತದಲ್ಲಿ ಹೋಲಿಕೆಯ ಪ್ರಶ್ನೆ

ಕಾವ್ಯವಾಗಲಿ ಸಂಗೀತವಾಗಲಿ, ಇಬ್ಬರು ದೊಡ್ಡವರನ್ನು ಎದುರುಬದುರು ನಿಲ್ಲಿಸಿ ಯಾರು ಮೇಲು ಎಂದು ಕೇಳುವುದು ರಸಿಕರ ಹಳೆಯ ಹವ್ಯಾಸ. 1960ರ ದಶಕದ ರಾಕ್ ಸಂಗೀತದ ವಿಷಯದಲ್ಲಿ ಈ ಪ್ರಶ್ನೆ ಇಂದಿಗೂ ಒಂದೇ ರೂಪದಲ್ಲಿ ನಿಂತಿದೆ: ಬೀಟಲ್ಸ್ ದೊಡ್ಡವರೋ, ರೋಲಿಂಗ್ ಸ್ಟೋನ್ಸ್ ದೊಡ್ಡವರೋ? ಹಿರಿಯರು ಕ್ಯಾಸೆಟ್ಟಿನಲ್ಲಿ ಕೇಳಿದ ಹಾಡುಗಳನ್ನು ಮಕ್ಕಳು ಈಗ ಮೊಬೈಲಿನಲ್ಲಿ ಕೇಳುತ್ತಿದ್ದಾರೆ. ವಾದ ಮಾತ್ರ ಬದಲಾಗಿಲ್ಲ. ಉತ್ತರಕ್ಕೆ ಕೈಹಾಕುವ ಮೊದಲು ಪ್ರಶ್ನೆಯೇ ಸರಿಯಾಗಿದೆಯೇ ಎಂದು ಪರೀಕ್ಷಿಸಬೇಕೆಂಬುದು ನಮ್ಮ ಅಭಿಪ್ರಾಯ.

ನಮ್ಮ ಸಾಹಿತ್ಯದಲ್ಲಿ ಪಂಪ–ರನ್ನರ ಹೋಲಿಕೆ ಸಾರ್ಥಕವಾಗಿರುವುದು ಇಬ್ಬರೂ ಪ್ರಸಿದ್ಧರೆಂಬ ಕಾರಣಕ್ಕಲ್ಲ. 'ವಿಕ್ರಮಾರ್ಜುನ ವಿಜಯ'ದ ಹದಿಮೂರನೆಯ ಆಶ್ವಾಸದ ವಸ್ತುವನ್ನೇ ಎತ್ತಿಕೊಂಡು ರನ್ನನು 'ಗದಾಯುದ್ಧ'ವನ್ನು ಕಟ್ಟಿದನು. ಅಲ್ಲಿ ಅರ್ಜುನನು ನಾಯಕನಾದರೆ ಇಲ್ಲಿ ಭೀಮನು ನಾಯಕನಾದನು. ಒಂದು ಕೃತಿ ಇನ್ನೊಂದಕ್ಕೆ ಕಿವಿಗೊಟ್ಟು ಉತ್ತರ ನುಡಿದಾಗಲೇ ಹೋಲಿಕೆಗೆ ಬೆಲೆ. ಈ ಅಳತೆಗೋಲನ್ನೇ ರಾಕ್ ಸಂಗೀತಕ್ಕೂ ಹಿಡಿದು ನೋಡೋಣ.

ಬೀಟಲ್ಸ್ ಸಭ್ಯರು, ಸ್ಟೋನ್ಸ್ ಒರಟರು ಎಂಬ ಚಿತ್ರವನ್ನು ಬಹುಮಟ್ಟಿಗೆ ಬೆಳೆಸಿದವರು ಸ್ಟೋನ್ಸ್ ತಂಡದ ವ್ಯವಸ್ಥಾಪಕ ಆಂಡ್ರ್ಯೂ ಲೂಗ್ ಓಲ್ಡ್‌ಹ್ಯಾಮ್. ವಾಸ್ತವದಲ್ಲಿ ಅವರು ಸ್ನೇಹಿತರು. 1963ರಲ್ಲಿ ಸ್ಟೋನ್ಸ್ ಹೊರತಂದ ಎರಡನೆಯ ಮುದ್ರಿಕೆಯ ಹಾಡನ್ನು ಬರೆದುಕೊಟ್ಟವರು ಜಾನ್ ಲೆನನ್ ಮತ್ತು ಪಾಲ್ ಮೆಕಾರ್ಟ್ನಿಯವರೇ! ಅವರ ಮಾರ್ಗಗಳೂ ಬೇರೆಯಾದವು. ಬೀಟಲ್ಸ್ 1966ರ ಆಗಸ್ಟಿನಲ್ಲಿ ಸಂಚಾರಿ ಕಚೇರಿಗಳನ್ನು ನಿಲ್ಲಿಸಿ ಧ್ವನಿಮುದ್ರಣ ಮಂದಿರವನ್ನೇ ತಮ್ಮ ವಾದ್ಯವನ್ನಾಗಿ ಮಾಡಿಕೊಂಡರು. ಸ್ಟೋನ್ಸ್ ತಂಡದ ಬಲವಿದ್ದದ್ದು ವೇದಿಕೆಯಲ್ಲಿ, ಬ್ಲೂಸ್ ಸಂಗೀತದ ಬೇರಿನಲ್ಲಿ. 1967ರ ಕೊನೆಯಲ್ಲಿ ಅವರು ಬೀಟಲ್ಸ್ ತಂಡದ ದಾರಿಯಲ್ಲಿ ನಡೆಯಹೋಗಿ ಎಡವಿದರು. ಮರುವರ್ಷ 'ಬೆಗ್ಗರ್ಸ್ ಬ್ಯಾಂಕ್ವೆಟ್'ನಲ್ಲಿ ತಮ್ಮ ನೆಲಕ್ಕೆ ಮರಳಿ ಗೆದ್ದರು. ಬೇರೆ ಬೇರೆ ನೆಲದಲ್ಲಿ ಬೆಳೆದವರನ್ನು ಒಂದೇ ತಕ್ಕಡಿಯಲ್ಲಿ ತೂಗಿದರೆ ಇಬ್ಬರಿಗೂ ಅನ್ಯಾಯ.

ಹಾಗಾದರೆ ಬೀಟಲ್ಸ್‌ಗೆ ನಿಜವಾದ ಸಾಟಿ ಯಾರು? ಕ್ಯಾಲಿಫೋರ್ನಿಯಾದ ಬೀಚ್ ಬಾಯ್ಸ್ ಎಂದು ನಾವು ಹೇಳಬಯಸುತ್ತೇವೆ. 1965ರ ಡಿಸೆಂಬರಿನಲ್ಲಿ ಬಂದ ಬೀಟಲ್ಸ್ ತಂಡದ 'ರಬ್ಬರ್ ಸೋಲ್' ಕೇಳಿ, ಒಂದೂ ಹಾಡು ಪೊಳ್ಳಾಗದಂತಹ ಸಂಕಲನವನ್ನು ತಾವೂ ಮಾಡಬೇಕೆಂದು ಬ್ರಯಾನ್ ವಿಲ್ಸನ್ ಹೊರಟರು. ಅದರ ಫಲ, 1966ರ ಮೇ ತಿಂಗಳ 'ಪೆಟ್ ಸೌಂಡ್ಸ್'. ಅಲ್ಲಿ ಸೈಕಲ್ಲಿನ ಗಂಟೆಯೂ ನಾಯಿಯ ಬೊಗಳಿಕೆಯೂ ಸಂಗೀತದೊಳಗೆ ಸೇರಿದವು; ಬೇಸ್ ಗಿಟಾರು ತಾಳಕ್ಕೆ ಆಧಾರವಾಗಿಯಷ್ಟೇ ಉಳಿಯದೆ ತಾನೇ ಹಾಡತೊಡಗಿತು. ಬೇಸ್ ನುಡಿಸುತ್ತಿದ್ದ ಮೆಕಾರ್ಟ್ನಿಯವರು ಇದರಿಂದ ಕಲಿತದ್ದನ್ನು ಮುಚ್ಚಿಡಲಿಲ್ಲ. 1967ರ 'ಸಾರ್ಜೆಂಟ್ ಪೆಪ್ಪರ್' ಸಂಕಲನಕ್ಕೆ ಅದರ ಪ್ರೇರಣೆಯಿತ್ತೆಂದು ಬಹಿರಂಗವಾಗಿಯೇ ಒಪ್ಪಿದರು. ವಿಲ್ಸನ್ ಮುಂದಿನ ಉತ್ತರವಾಗಿ ಆರಂಭಿಸಿದ್ದ 'ಸ್ಮೈಲ್' ಅದೇ ವರ್ಷ ಅರ್ಧಕ್ಕೆ ನಿಂತಿತು. ಅದನ್ನು ಅವರು ಪೂರ್ಣ ರೂಪದಲ್ಲಿ ಕೇಳಿಸಿದ್ದು 2004ರಲ್ಲಿ. ಇದೇ ನಿಜವಾದ ಪೈಪೋಟಿ. ಇಲ್ಲಿ ಒಬ್ಬರ ಗೆಲುವು ಇನ್ನೊಬ್ಬರ ಪಾಠವಾಯಿತು.

ಬೀಚ್ ಬಾಯ್ಸ್ ಕೆಲವೇ ವರ್ಷಗಳಲ್ಲಿ ಹಿಂದೆ ಬಿದ್ದರಲ್ಲವೇ ಎಂಬ ಆಕ್ಷೇಪ ಬರಬಹುದು. ಬಿದ್ದದ್ದು ನಿಜ. ಆದರೆ ಸಾಟಿಯೆಂದರೆ ಸಮತೂಕವೆಂದಷ್ಟೇ ಅಲ್ಲ. ಇನ್ನೊಬ್ಬನಿಂದ ಅವನ ಅತ್ಯುತ್ತಮವನ್ನು ಹೊರಡಿಸಬಲ್ಲವನೇ ಸಾಟಿ.

ಇಂತಹ ವಾದಗಳಲ್ಲಿ ಮರೆತುಹೋಗುವ ಹೆಸರೊಂದಿದೆ: ಕಪ್ಪು ಜನಾಂಗದ ಅಮೆರಿಕನ್ ಸಂಗೀತಗಾರ ಚಕ್ ಬೆರಿ. 1963ರಲ್ಲಿ ಈ ಮೂರು ತಂಡಗಳೂ ಅವರಿಂದಲೇ ಪಡೆದವು. ಸ್ಟೋನ್ಸ್ ತಂಡದ ಮೊದಲ ಮುದ್ರಿಕೆ ಬೆರಿಯವರ ಹಾಡು. ಬೀಟಲ್ಸ್ ಅವರ ಇನ್ನೊಂದು ಹಾಡನ್ನು ಮುದ್ರಿಸಿದರು. ಬೀಚ್ ಬಾಯ್ಸ್ ಮತ್ತೊಂದರ ಧಾಟಿಗೆ ತಮ್ಮ ಮಾತುಗಳನ್ನು ಹೊಂದಿಸಿದರು. ವ್ಯಾಸರನ್ನು ಮರೆತು ಪಂಪ–ರನ್ನರನ್ನು ತೂಗುವುದು ಹೇಗೆ ಅಪೂರ್ಣವೋ, ಬೆರಿಯವರನ್ನು ಮರೆತ ಈ ಹೋಲಿಕೆಯೂ ಹಾಗೆಯೇ ಅಪೂರ್ಣ.

ಆದುದರಿಂದ ಮುಂದೆ ಮನೆಯಲ್ಲಿ ಈ ವಾದ ಎದ್ದಾಗ, ಯಾರು ಮೇಲು ಎಂಬುದನ್ನು ಬದಿಗಿಟ್ಟು, ಯಾರು ಯಾರನ್ನು ಕೇಳಿ ಬೆಳೆದರು ಎಂದು ಕೇಳೋಣ. ಆಗ ಹಿರಿಯರೂ ಕಿರಿಯರೂ ವಾದ ನಿಲ್ಲಿಸಿ, ಒಂದಿಷ್ಟು ಹೊತ್ತು ಜತೆಯಾಗಿ ಕುಳಿತು ಹಾಡು ಕೇಳಿಯಾರು.