ಹೊಗೆಕೊಳವೆಯೂ ಔಚಿತ್ಯವಿಚಾರವೂ

ನಿತ್ಯೋಪಯೋಗದ ವಸ್ತುಗಳನ್ನು ಕಾವ್ಯವಿಮರ್ಶೆಯ ಅಳತೆಗೋಲಿನಿಂದ ಅಳೆಯಬಹುದೆ ಎಂಬ ಪ್ರಶ್ನೆ ಹೊಸದಲ್ಲ. ಮಾಡತಕ್ಕುದನ್ನು ಚೆನ್ನಾಗಿ ಮಾಡುವುದೇ ಕಲೆ, ಬಡಗಿಯ ಕೆಲಸಕ್ಕೂ ಶಿಲ್ಪಿಯ ಕೆಲಸಕ್ಕೂ ಮೂಲಭೂತವಾದ ಭೇದವಿಲ್ಲ ಎಂಬ ಪಕ್ಷವನ್ನು ಆನಂದ ಕುಮಾರಸ್ವಾಮಿಯವರು ತಮ್ಮ ಬರೆಹಗಳಲ್ಲಿ ದೃಢವಾಗಿ ಮಂಡಿಸಿದರು. ಆ ಪಕ್ಷವನ್ನು ಒಪ್ಪುವವರು ಅದನ್ನು ಒಂದು ವಸ್ತುವಿನ ಮೇಲೆ ಪ್ರಯೋಗಿಸಿ ನೋಡಬೇಕು. ಇಲ್ಲಿ ನಾವು ಆರಿಸಿಕೊಂಡಿರುವುದು ಕೈಯಿಂದ ಮಾಡಿದ ಒಂದು ಹೊಗೆಕೊಳವೆ. ಜನರ ಮಾತಿನಲ್ಲಿ ಪೈಪು.

ಈ ವಸ್ತುವನ್ನು ನಾವು ಕಂಡದ್ದು ಗೋಣಿಕೊಪ್ಪಲಿನ ವೃದ್ಧರಾದ ಕಾಫಿ ಬೆಳೆಗಾರರೊಬ್ಬರ ಮನೆಯಲ್ಲಿ. ಹಲವು ವರ್ಷಗಳ ಹಿಂದೆ ಅವರು ಹೊರದೇಶದ ಕುಶಲಕರ್ಮಿಯೊಬ್ಬನಿಗೆ ಪತ್ರ ಬರೆದು ಇದನ್ನು ಮಾಡಿಸಿಕೊಂಡರು. ಪತ್ರದಲ್ಲಿ ಚೆಲುವಿನ ಮಾತೇ ಇರಲಿಲ್ಲವಂತೆ. ತಮ್ಮ ಎಡದವಡೆಯ ಎರಡು ಹಲ್ಲುಗಳು ಬಿದ್ದಿವೆ, ತೋಟದಲ್ಲಿ ನಡೆಯುವಾಗ ಪೈಪನ್ನು ಬಾಯಲ್ಲೇ ಕಚ್ಚಿಕೊಂಡಿರುವುದು ರೂಢಿ, ಅಂಗೈ ಅಗಲವಾದದ್ದು: ಇಷ್ಟೇ ಅವರು ಬರೆದದ್ದು. ಕುಶಲಕರ್ಮಿ ಬಾಗಿದ ಆಕಾರದ ಹಗುರವಾದ ಪೈಪೊಂದನ್ನು ಮಾಡಿ ಕಳುಹಿಸಿದನು. ಬಾಗಿದ ಪೈಪಿನ ಬಟ್ಟಲು ಗಲ್ಲದ ಕೆಳಗೆ ತೂಗುವುದರಿಂದ ಹಲ್ಲಿನ ಮೇಲೆ ಭಾರ ಕಡಿಮೆ. ಆದುದರಿಂದ ಆ ಬಾಗು ಅಲಂಕಾರವಲ್ಲ. ಬಿದ್ದುಹೋದ ಎರಡು ಹಲ್ಲುಗಳಿಗೆ ಕೊಟ್ಟ ಉತ್ತರ.

ಪೈಪಿನ ಬಟ್ಟಲು ಬ್ರಯರ್ ಎಂಬ ಪೊದೆಯ ಗಂಟಿನಿಂದ ಆದದ್ದು. ಭೂಮಧ್ಯ ಸಮುದ್ರದ ಸುತ್ತಣ ನಾಡುಗಳಲ್ಲಿ ಬೆಳೆಯುವ ಈ ಪೊದೆಯ ಬುಡದ ಗಂಟನ್ನು ಅಗೆದು, ತುಂಡರಿಸಿ, ನೀರಿನಲ್ಲಿ ಕುದಿಸಿ, ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಒಣಗಿಸುತ್ತಾರೆ. ಕೊಡಗಿನಲ್ಲಿ ಬೀಟೆಯಂಥ ಸುಂದರವಾದ ಮರವುಂಟು. ಆದರೆ ಬೆಂಕಿಯನ್ನು ಹೊರಬೇಕಾದ ಬಟ್ಟಲಿಗೆ ಸೌಂದರ್ಯವೊಂದೇ ಸಾಲದು. ಬ್ರಯರ್ ಬೆಂಕಿಯನ್ನು ತಾಳಿಕೊಳ್ಳುತ್ತದೆ, ತೇವವನ್ನು ಹೀರಿಕೊಳ್ಳುತ್ತದೆ. ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಫ್ರಾನ್ಸಿನ ಸೇಂಟ್ ಕ್ಲೋಡ್ ಪಟ್ಟಣದಲ್ಲಿ ಅದರ ಉದ್ಯಮವೇ ಬೆಳೆಯಿತು.

ಕಣ್ಣಿಗೆ ಮೊದಲು ಕಾಣುವುದು ಮರದ ನಾರಿನ ಗೆರೆಗಳು. ಆದರೆ ಕುಶಲಕರ್ಮಿಯ ಪರೀಕ್ಷೆ ನಡೆಯುವುದು ಕಾಣದ ಒಂದು ರಂಧ್ರದಲ್ಲಿ. ಸುಮಾರು ನಾಲ್ಕು ಮಿಲಿಮೀಟರಿನ ಆ ರಂಧ್ರ ಬಟ್ಟಲಿನ ತಳದ ನಟ್ಟನಡುವೆ ಬಂದು ಸೇರಬೇಕು. ಮೇಲಾದರೆ ತಳದ ಹೊಗೆಸೊಪ್ಪು ಉರಿಯದೆ ಒದ್ದೆಯಾಗಿ ಉಳಿಯುತ್ತದೆ. ಕೊಳವೆಯ ಎರಡು ಭಾಗಗಳು ಕೂಡುವಲ್ಲಿ ಸಂದು ಉಳಿದರೆ ತೇವ ನಿಂತು ಗುಳುಗುಳು ಸದ್ದಾಗುತ್ತದೆ. ಬಾಗಿದ ಪೈಪಿನಲ್ಲಿ ಈ ಕೊರೆತ ಇನ್ನೂ ಕಠಿನ. ನಾವು ಶುಚಿಮಾಡುವ ನೂಲಿನ ತಂತಿಯನ್ನು ಬಾಯಿಯ ತುದಿಯಿಂದ ತೂರಿಸಿದೆವು. ಅದು ಎಲ್ಲಿಯೂ ತಡೆಯದೆ ಬಟ್ಟಲಿನ ತಳದಲ್ಲಿ ತಲೆಯೆತ್ತಿತು. ಈ ಕೃತಿಯ ಶ್ರೇಷ್ಠತೆಗೆ ಇದಕ್ಕಿಂತ ಬೇರೆ ಪ್ರಮಾಣ ಬೇಕಿಲ್ಲ.

ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರನು ಔಚಿತ್ಯವನ್ನು ಕಾವ್ಯದ ಜೀವಿತವೆಂದನು. ಕೊರಳಿಗೆ ಒಡ್ಯಾಣವನ್ನೂ ಸೊಂಟಕ್ಕೆ ಹಾರವನ್ನೂ ತೊಟ್ಟರೆ ನಗೆಗೀಡಾಗುವಂತೆ, ಸ್ಥಾನ ತಪ್ಪಿದ ಅಲಂಕಾರ ಅಲಂಕಾರವೇ ಅಲ್ಲವೆಂಬುದು ಅವನ ಅಭಿಪ್ರಾಯ. ಈ ಸೂತ್ರವನ್ನು ನಮ್ಮ ನಾಡಿನದೇ ಇನ್ನೊಂದು ವಸ್ತುವಿಗೆ ಹಚ್ಚಿ ನೋಡೋಣ. ಬೀದರಿನ ಕುಶಲಕರ್ಮಿಗಳು ಸತು ಮತ್ತು ತಾಮ್ರದ ಮಿಶ್ರಲೋಹದಲ್ಲಿ ಎರಕಹೊಯ್ದು, ಬೆಳ್ಳಿಯನ್ನು ಕೂರಿಸಿ, ಕೋಟೆಯ ಮಣ್ಣಿನಿಂದ ಕಪ್ಪಾಗಿಸಿದ ಹುಕ್ಕಾಪಾತ್ರೆಗಳು ಇಂದು ದೇಶವಿದೇಶಗಳ ವಸ್ತುಸಂಗ್ರಹಾಲಯಗಳಲ್ಲಿವೆ. ಅವುಗಳ ಮೈತುಂಬ ಹೂಬಳ್ಳಿ. ಅದು ಅತಿಯೆ? ಅಲ್ಲ. ಹುಕ್ಕಾ ಸಭೆಯ ನಡುವೆ ನೆಲದ ಮೇಲೆ ಕೂರುವ ವಸ್ತು; ಅದನ್ನು ಹತ್ತು ಕಣ್ಣುಗಳು ನೋಡುತ್ತವೆ. ಪೈಪಾದರೋ ಒಬ್ಬನ ಅಂಗೈಗೆ ಸೇರಿದ್ದು. ಅಲ್ಲಿ ಎತ್ತರದ ಕೆತ್ತನೆ ಬೆರಳಿಗೆ ಒತ್ತುತ್ತದೆ. ಒಂದೇ ಉಪಯೋಗದ ಎರಡು ವಸ್ತುಗಳಿಗೆ ಔಚಿತ್ಯ ಬೇರೆಬೇರೆಯಾದದ್ದು ಹೀಗೆ.

ಆದರೆ ಇಲ್ಲಿಗೆ ವಿಚಾರ ಮುಗಿಯುವುದಿಲ್ಲ. ಉಪಯೋಗಕ್ಕೆ ತಕ್ಕದ್ದಾಗಿರುವುದೇ ಚೆಲುವು ಎಂದಮೇಲೆ, ಉಪಯೋಗವೇ ಕೇಡಿನದಾದರೆ ಆ ಚೆಲುವಿನ ಗತಿಯೇನು? ಪ್ರಶ್ನೆ ಹೊಗೆಸೊಪ್ಪಿನಷ್ಟೇ ಹಳೆಯದು. ಅಕ್ಬರನ ರಾಯಭಾರಿಯಾಗಿ ಬಿಜಾಪುರಕ್ಕೆ ಹೋಗಿದ್ದ ಅಸದ್ ಬೇಗ್ 1604-05ರ ಹೊತ್ತಿಗೆ ಅಲ್ಲಿಂದ ಹೊಗೆಸೊಪ್ಪನ್ನು ತಂದು, ರತ್ನ ಕೆತ್ತಿದ ಕೊಳವೆಯನ್ನೂ ಯೆಮನ್ ದೇಶದ ಕೆಂಪುಶಿಲೆಯ ಬಾಯಿತುದಿಯನ್ನೂ ಅಣಿಮಾಡಿ ದೊರೆಗೆ ಒಪ್ಪಿಸಿದನು. ಅಕ್ಬರನು ಸೇದಿ ನೋಡಿದನು. ಒಡನೆಯೇ ವೈದ್ಯನು ತಡೆದನು. ಕೊಳವೆಯ ಸೊಬಗೂ ವೈದ್ಯನ ಎಚ್ಚರಿಕೆಯೂ ಒಂದೇ ಗಳಿಗೆಯಲ್ಲಿ ಆಸ್ಥಾನವನ್ನು ಹೊಕ್ಕವು. 1617ರಲ್ಲಿ ಜಹಾಂಗೀರನು ಧೂಮಪಾನವನ್ನು ನಿಷೇಧಿಸಿದನು. ಆದರೂ ಗೋಣಿಕೊಪ್ಪಲಿನಿಂದ ತಿತಿಮತಿಯ ಕಾಡನ್ನು ದಾಟಿ ಹುಣಸೂರಿನ ಕಡೆ ಇಳಿದರೆ ಇಂದಿಗೂ ಕಾಣುವುದು ಹೊಗೆಸೊಪ್ಪಿನ ಹೊಲಗಳು. ಬಾಯಿ, ಗಂಟಲು, ಶ್ವಾಸಕೋಶಗಳ ಕ್ಯಾನ್ಸರಿಗೆ ಪೈಪೂ ಕಾರಣವೆಂಬುದರಲ್ಲಿ ಈಗ ಸಂಶಯವಿಲ್ಲ.

ಕೆಲಸ ಚೆನ್ನಾಗಿದೆಯೆಂದು ಚಟವನ್ನು ಹೊಗಳುವುದು ಒಂದು ದೋಷ. ಚಟ ಕೆಟ್ಟದ್ದೆಂದು ಕೆಲಸವನ್ನು ಹಳಿಯುವುದು ಇನ್ನೊಂದು. ಎರಡು ಪ್ರಶ್ನೆಗಳನ್ನೂ ಬೇರೆಬೇರೆಯಾಗಿ ಕೇಳಿ, ಎರಡು ಉತ್ತರಗಳನ್ನೂ ಒಟ್ಟಿಗೆ ಹೊರುವುದೇ ವಿಮರ್ಶಕನಿಗೆ ತಕ್ಕುದು. ನಮ್ಮ ವಿಮರ್ಶೆಗೂ ಒಂದು ಮೇರೆಯುಂಟೆಂದು ಒಪ್ಪಬೇಕು. ನಮಗೆ ಧೂಮಪಾನದ ಅಭ್ಯಾಸವಿಲ್ಲ. ಬಟ್ಟಲು ಕೈಗೆ ಹಿತವಾದ ಬಿಸುಪಷ್ಟನ್ನೇ ಕೊಡುತ್ತಿತ್ತು, ಮಳೆಗಾಲದಲ್ಲಿಯೂ ಬೆಂಕಿ ಆರುತ್ತಿರಲಿಲ್ಲ ಎಂಬುದನ್ನು ನಾವು ಆ ಹಿರಿಯರ ಬಾಯಿಂದ ಕೇಳಿಯಷ್ಟೇ ಬಲ್ಲೆವು. ಈ ಕೃತಿಯ ಪೂರ್ಣ ಸಹೃದಯರು ಅವರೊಬ್ಬರೇ.

ಅವರೂ ವೈದ್ಯರ ಮಾತಿಗೆ ಮಣಿದು ಸೇದುವುದನ್ನು ಬಿಟ್ಟಿದ್ದಾರೆ. ಪೈಪು ಈಗ ಗಾಜಿನ ಕಪಾಟಿನಲ್ಲಿ, ಮನೆತನದ ಪೀಚೆಕತ್ತಿಯ ಪಕ್ಕದಲ್ಲಿದೆ. ಕತ್ತಿಯೂ ತನ್ನ ಹಳೆಯ ಕೆಲಸವನ್ನು ಬಿಟ್ಟದ್ದೇ. ಆದರೆ ಅದಕ್ಕೆ ಬೇರೆ ಕೆಲಸ ದೊರಕಿದೆ. ಮದುವೆಯ ದಿನ ಅದು ಕೆಂಪು ಚೇಲೆಯ ನಡುವೆ ಮತ್ತೆ ಸೊಂಟವನ್ನೇರುತ್ತದೆ. ತಂದೆಯದು ಮಗನಿಗೂ ಒಪ್ಪುತ್ತದೆ. ಒಬ್ಬನ ಹಲ್ಲಿಗೆಂದೇ ಮಾಡಿದ ಪೈಪಿಗೆ ಆ ಭಾಗ್ಯವಿಲ್ಲ. ಅದರ ಕಪ್ಪು ತುದಿಯನ್ನು ಬೆಳಕಿಗೆ ಹಿಡಿದಾಗ ಬಲಬದಿಯಲ್ಲಿ ಮಾತ್ರ ಹಲ್ಲಿನ ಸವೆತ ಕಂಡಿತು. ಕುಶಲಕರ್ಮಿಯು ಓದಿದ ಪತ್ರ ಅಲ್ಲಿ ಇನ್ನೂ ಅಳಿಯದೆ ಉಳಿದಿದೆ.