ಬೈಗುಳವಿಲ್ಲದ ಬೀದಿನಾಟಕ

ಬಿಳಿಕೆರೆ ಬಸ್ ಸ್ಟಾಂಡಿನ ಹತ್ತಿರ ತಮಟೆ ಸದ್ದಾದರೆ ಜನ ಸೇರುವುದು ಎರಡೇ ಕಾರಣಕ್ಕೆ. ಒಂದು ಓಟು, ಇನ್ನೊಂದು ಸಾವು. ಆವತ್ತಿನದು ಎರಡೂ ಅಲ್ಲ. ಜೀಪಿನಿಂದ ಇಳಿದ ಐದಾರು ಮಂದಿ ಹುಡುಗ ಹುಡುಗಿಯರು, ಒಂದೇ ಬಣ್ಣದ ಜುಬ್ಬ ತೊಟ್ಟವರು, ಹುಲಿ ಚಿರತೆ ಉಳಿಸಿ ಎಂಬ ಬೀದಿನಾಟಕ ಆಡಿದರು. ಅವರ ಹೆಸರು, ಅವರನ್ನು ಕಳಿಸಿದವರ ಹೆಸರು ಇಲ್ಲಿ ಬೇಡ. ಇಂಥದ್ದನ್ನು ನಾವು ಹುಣಸೂರಿನಲ್ಲೂ ನೋಡಿದ್ದೇವೆ, ಪಿರಿಯಾಪಟ್ಟಣದಲ್ಲೂ ನೋಡಿದ್ದೇವೆ. ಬ್ಯಾನರು ಬೇರೆ, ನಾಟಕ ಒಂದೇ. ತಮಟೆಯವನು ಅದನ್ನು ಬೆಂಕಿಗೆ ಹಿಡಿಯದೆ ಹಾಗೇ ಬಡಿಯತೊಡಗಿದಾಗ ನಮ್ಮ ಕೇರಿಯ ಹಿರೀಕರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಕಾಯದ ಚರ್ಮ ಮಾತಾಡಲ್ಲ ಅನ್ನೋದು ಅವರಿಗೆ ಗೊತ್ತು.

ಕಥೆ ಇಷ್ಟೇ. ಒಬ್ಬ ರೈತ. ದಪ್ಪ ಮೀಸೆ, ಹೆಗಲಿಗೆ ಟವೆಲ್ಲು, ಕೈಯಲ್ಲಿ ಬಾಟ್ಲಿ. ಕಾಡಿಗೆ ದನ ನುಗ್ಗಿಸುತ್ತಾನೆ, ಮರ ಕಡಿಯುತ್ತಾನೆ, ಉರುಳು ಹಾಕುತ್ತಾನೆ. ರಟ್ಟಿನ ಮುಖವಾಡದ ಹುಲಿ ಬಂದು ಕಣ್ಣೀರು ಹಾಕುತ್ತದೆ. ಆಮೇಲೆ ಪ್ಯಾಂಟು ತೊಟ್ಟ ವಿದ್ಯಾವಂತನೊಬ್ಬ ಬಂದು ಹುಲಿ ಇದ್ದರೆ ಕಾಡು, ಕಾಡಿದ್ದರೆ ನೀರು ಎಂದು ಪಾಠ ಹೇಳುತ್ತಾನೆ. ರೈತ ಅವನ ಕಾಲಿಗೆ ಬೀಳುತ್ತಾನೆ. ಎಲ್ಲರೂ ಕೈ ಚಾಚಿ ಪ್ರತಿಜ್ಞೆ ಮಾಡುತ್ತಾರೆ. ಇಪ್ಪತ್ತು ನಿಮಿಷ. ಮುಗಿದ ಮೇಲೆ ನಮ್ಮ ಕೇರಿಯ ಅಜ್ಜಿಯೊಬ್ಬಳು ಹುಲಿ ಪಾತ್ರದ ಹುಡುಗನ ಹತ್ತಿರ ಹೋಗಿ, ‘ನಮ್ಮ ಎಲ್ಡು ಮೇಕೆ ಚಿರ್ತೆ ಎತ್ಕಂಡೋಯ್ತಲ್ಲ ಮಗ, ಅದ್ಕೇನ್ ಹೇಳ್ತೀಯೆ?’ ಎಂದಳು. ಅವನು ಮುಖವಾಡವನ್ನು ಹಣೆಯ ಮೇಲಕ್ಕೆ ಸರಿಸಿ, ‘ಅದು ನಮಗೆ ಬರಲ್ಲ ಅಜ್ಜಿ, ಆಫೀಸಲ್ಲಿ ಕೇಳಿ’ ಎಂದ.

ಇಡೀ ನಾಟಕದಲ್ಲಿ ನಾಟಕವೆನ್ನಬಹುದಾದ ಮಾತು ಅದೊಂದೇ. ಅದನ್ನು ಯಾರೂ ಬರೆದಿರಲಿಲ್ಲ.

ತಪ್ಪು ತಿಳಿಯಬೇಡಿ. ನಾವು ಹುಲಿಯ ವೈರಿಗಳಲ್ಲ. 2022ರ ಎಣಿಕೆಯಂತೆ ಕರ್ನಾಟಕದಲ್ಲಿ 563 ಹುಲಿಗಳಿವೆ, ನಾಗರಹೊಳೆಯೊಂದರಲ್ಲೇ 141. ಅವು ಉಳಿದಿರುವುದಕ್ಕೆ 1972ರ ಕಾನೂನು ಕಾರಣ, ಬರೀ ಕೋಲು ಹಿಡಿದು ಕಾಡು ಸುತ್ತುವ ದಿನಗೂಲಿ ವಾಚರುಗಳ ಕಾಲು ಕಾರಣ. ಕಾಡಂಚಿನ ಜನ ನೂರಾರು ವರ್ಷ ಅವುಗಳ ಪಕ್ಕದಲ್ಲೇ ದನ ಕಟ್ಟಿಕೊಂಡು, ಸತ್ತ ದನಕ್ಕೆ ಅತ್ತು, ಮಾರನೇ ದಿನ ಮತ್ತೆ ಹಟ್ಟಿ ಬಾಗಿಲು ತೆಗೆದದ್ದೂ ಕಾರಣವೇ. ಈ ಮೂರನೆಯ ಕಾರಣ ಆ ನಾಟಕದಲ್ಲಿ ಇಲ್ಲ. ಸಹಬಾಳ್ವೆಯನ್ನು ಬಾಳುತ್ತಿರುವವರಿಗೇ ಸಹಬಾಳ್ವೆಯ ಪಾಠ!

ಇಂಥ ನಾಟಕದ ತಾಯಿಬೇರು ಹುಡುಕುತ್ತಾ ಹೋದರೆ ನಾವು ಮತ್ತೆ ಪ್ರೈಮರಿ ಸ್ಕೂಲಿನ ನೆಲದ ಮೇಲೆ ಹೋಗಿ ಕೂರಬೇಕಾಗುತ್ತದೆ. ಗೋವಿನ ಹಾಡನ್ನು ಆಡಿಸುವಾಗ ಮೇಷ್ಟ್ರು ಪಾತ್ರ ಹಂಚಿದ್ದು ನಮಗೆ ಚೆನ್ನಾಗಿ ನೆನಪಿದೆ. ಬೆಳ್ಳಗಿದ್ದವಳು ಪುಣ್ಯಕೋಟಿ. ಕಪ್ಪಗಿದ್ದ ನಾವು ಹುಲಿ. ಅಂದು ಹುಲಿ ಕೆಟ್ಟದ್ದಾಗಿತ್ತು, ಆದ್ದರಿಂದ ಹುಲಿ ನಾವು. ಇಂದು ಹುಲಿ ಒಳ್ಳೆಯದಾಗಿದೆ, ಆದ್ದರಿಂದ ಬಾಟ್ಲಿ ಹಿಡಿದ ರೈತ ನಾವು. ಪಾತ್ರ ಬದಲಾಯಿತು, ಪಾತ್ರ ಹಂಚುವ ಕೈ ಬದಲಾಗಲಿಲ್ಲ.

ಆ ಹಾಡಿನ ಮೇಲೆ ಕನ್ನಡಿಗರಿಗೆ ಇರುವ ಪ್ರೀತಿ ನಮಗೂ ಇದೆ. ನಮ್ಮ ಅವ್ವಂದಿರೂ ಕೇಳಿ ಕಣ್ಣು ಒರೆಸಿಕೊಂಡವರೇ. ಆದರೆ ಓದು ಕಲಿತ ಮೇಲೆ ಎರಡು ಸಂಗತಿ ಕಾಡುತ್ತವೆ. ಒಂದು, ಅದರ ಕೊನೆಯಲ್ಲಿ ಹುಲಿ ನಾಚಿ ಪ್ರಾಣ ಬಿಡುತ್ತದೆ. ಹಸುವಿನ ಜೊತೆ ಹುಲಿಯ ಸಹಬಾಳ್ವೆ ಹೇಗೆ ಎಂಬುದನ್ನು ಆ ಕಥೆ ಯೋಚಿಸುವುದೇ ಇಲ್ಲ. ಎರಡು, ತಿನ್ನಿಸಿಕೊಳ್ಳಬೇಕಾದವಳೇ ಕೊಟ್ಟ ಮಾತಿಗೆ ತಪ್ಪದೆ ವಾಪಸು ಬರಬೇಕು ಎಂಬ ನೀತಿ. ಈಗಿನ ಜಾಗೃತಿ ನಾಟಕಗಳು ಬೇಡುವುದೂ ಇದನ್ನೇ. ನೀವು ಪುಣ್ಯಕೋಟಿಗಳಾಗಿ, ಸಹಿಸಿಕೊಳ್ಳಿ, ನಿಮ್ಮ ಸತ್ಯ ಕಂಡು ಲೋಕ ಕರಗುತ್ತದೆ ಅಂತ. 2022ರ ಅಕ್ಟೋಬರಿನಿಂದ 2023ರ ಜನವರಿಯೊಳಗೆ ಟಿ. ನರಸೀಪುರ ತಾಲೂಕಿನಲ್ಲಿ ನಾಲ್ಕು ಜನ ಚಿರತೆ ಬಾಯಿಗೆ ಹೋದರು. ಅವರಲ್ಲಿ ಓದೋ ಮಕ್ಕಳೂ ಇದ್ದರು. ಆ ತಾಯಂದಿರ ಮುಂದೆ ಈ ನಾಟಕ ಆಡಲು ಆದೀತೇ?

ಈ ಬೀದಿನಾಟಕ ಎಂಬ ರೂಪವಾದರೂ ಕನ್ನಡದ ಬೀದಿಗಳಿಗೆ ಇಳಿದದ್ದು ಯಾಕಾಗಿ? 1975ರಲ್ಲಿ ಹುಟ್ಟಿದ ‘ಸಮುದಾಯ’ದವರು ‘ಬೆಲ್ಚಿ’ ಆಡಿದ್ದು, 1977ರಲ್ಲಿ ಬಿಹಾರದ ಆ ಊರಲ್ಲಿ ದಲಿತರನ್ನು ಕೊಂದು ಸುಟ್ಟವರು ಯಾರು ಎಂದು ಕೇಳಲಿಕ್ಕೆ. ಉಳ್ಳವನನ್ನು ಕೇಳಲು ಬಂದ ರೂಪ ಈಗ ಇಲ್ಲದವನಿಗೆ ಬುದ್ಧಿ ಹೇಳುವ ಗುತ್ತಿಗೆ ಹಿಡಿದಿದೆ.

ಹಾಗಾದರೆ ಹುಲಿಯ ನಾಟಕ ಹೇಗಿರಬೇಕು? ದೂರದ ಬಂಗಾಳದ ಸುಂದರಬನಕ್ಕೆ ಒಮ್ಮೆ ಹೋಗಿ ಬರೋಣ. ಅಲ್ಲಿ ಜೇನು, ಮೀನು, ಏಡಿಗಾಗಿ ಕಾಡಿಗೆ ಹೋಗುವ ಬಡವರು ಬೋನ್‌ಬೀಬಿಯ ಕಥೆಯನ್ನು ಊರ ನಾಟಕವಾಗಿ ಆಡುತ್ತಾರೆ. ಹಿಂದೂಗಳೂ ಮುಸ್ಲಿಮರೂ ಒಟ್ಟಿಗೆ ನಡೆದುಕೊಳ್ಳುವ ಕಾಡಿನ ತಾಯಿ ಅವಳು. ಕಥೆಯಲ್ಲಿ ದುಖೆ ಎಂಬ ಬಡ ವಿಧವೆಯ ಮಗನಿದ್ದಾನೆ. ಧೋನಾ ಎಂಬ ವ್ಯಾಪಾರಿ, ವರಸೆಯಲ್ಲಿ ಚಿಕ್ಕಪ್ಪ, ಆ ಹುಡುಗನನ್ನು ದೋಣಿಯಲ್ಲಿ ಕರೆದುಕೊಂಡು ಹೋಗುತ್ತಾನೆ. ಹುಲಿಯ ರೂಪದ ದಕ್ಖಿನ್ ರಾಯ್ ನರಬಲಿ ಕೇಳುತ್ತಾನೆ, ಬದಲಿಗೆ ದೋಣಿ ತುಂಬ ಜೇನು ಮೇಣ ಕೊಡುತ್ತೇನೆ ಎನ್ನುತ್ತಾನೆ. ಧೋನಾ ಹುಡುಗನನ್ನು ದಡದಲ್ಲಿ ಬಿಟ್ಟು ದೋಣಿ ತಿರುಗಿಸುತ್ತಾನೆ. ಹುಡುಗ ಕೂಗಿದಾಗ ಬೋನ್‌ಬೀಬಿ ಬಂದು ಕಾಯುತ್ತಾಳೆ. ಹುಲಿಯನ್ನು ಕೊಲ್ಲಿಸುವುದಿಲ್ಲ. ಅವನಿಗೂ ಒಂದು ಎಲ್ಲೆ, ಮನುಷ್ಯನ ಆಸೆಗೂ ಒಂದು ಎಲ್ಲೆ ಹಾಕುತ್ತಾಳೆ.

ಈ ಕಥೆಯಲ್ಲಿ ಮೂರು ಜನ ಇದ್ದಾರೆ ಅನ್ನುವುದೇ ನಮಗೆ ದೊಡ್ಡ ಪಾಠ. ಹುಲಿ ಇದೆ, ಬಡವ ಇದ್ದಾನೆ, ಬಡವನನ್ನು ಹುಲಿಗೆ ಕೊಟ್ಟು ಜೇನು ತುಂಬಿಕೊಂಡು ಹೋದ ಧೋನಾ ಇದ್ದಾನೆ. ಅಕ್ಷರ ಬಾರದ ಜನ ಕಟ್ಟಿದ ಆಟದಲ್ಲಿ ಕಾಣುವ ಈ ಮೂರನೆಯವನು ಜೀಪಿನಲ್ಲಿ ಬಂದ ನಾಟಕದಲ್ಲಿ ಯಾಕೆ ಕಾಣಲಿಲ್ಲ? ಜೀಪು ಅವನದೇ ಇರಬಹುದು ಎಂಬ ಅನುಮಾನ ನಮಗೆ. ಅದೇ ಸುಂದರಬನದ ಮರಿಚ್‌ಝಾಪಿ ದ್ವೀಪದಲ್ಲಿ 1979ರಲ್ಲಿ ನೆಲೆಯೂರಿದ್ದ ನಿರಾಶ್ರಿತರನ್ನು, ಅವರಲ್ಲಿ ಬಹುಪಾಲು ನಾಮಶೂದ್ರ ದಲಿತರು, ಇದು ಕಾಯ್ದಿಟ್ಟ ಕಾಡು ಎಂದು ಹೇಳಿ ಎಡಪಕ್ಷದ ಸರ್ಕಾರವೇ ಪೋಲೀಸರಿಂದ ಸುತ್ತುಗಟ್ಟಿಸಿ, ಗುಂಡು ಹಾರಿಸಿ ಎಬ್ಬಿಸಿತು. ಹುಲಿ ಅಲ್ಲಿ ಬರೀ ನೆಪ.

ನಮ್ಮ ಕಡೆಯ ಧೋನಾ ಯಾರು ಎಂದು ಕೇಳಿದರೆ ಹೆಗ್ಗಡದೇವನಕೋಟೆಯ ಯಾವ ಹಾಡಿಯ ಮಗುವಾದರೂ ಹೇಳೀತು. 1974ರ ಕಬಿನಿ ಅಣೆಕಟ್ಟೆಯ ನೀರಿಗೆ ಊರೂರೇ ಮುಳುಗಿದವು, ಇವತ್ತು ಅದೇ ಹಿನ್ನೀರಿನ ದಡದಲ್ಲಿ ರೆಸಾರ್ಟುಗಳು. ನಾಗರಹೊಳೆಯಿಂದ ಹೊರಬಿದ್ದ ಆದಿವಾಸಿ ಕುಟುಂಬಗಳು 3,418 ಎಂದು ಹೈಕೋರ್ಟು ನೇಮಿಸಿದ್ದ ಮುಜಾಫರ್ ಅಸ್ಸಾದಿ ಸಮಿತಿ 2014ರಲ್ಲಿ ಲೆಕ್ಕ ಕೊಟ್ಟಿತು. ಜೇನುಕುರುಬ ಒಳಗಿದ್ದರೆ ಹುಲಿಗೆ ತೊಂದರೆ ಎಂದ ಅದೇ ಕಾಡಿನ ಒಳಗೆ ಐಷಾರಾಮಿ ಹೋಟೆಲು ತೆರೆಯಲು ಹೊರಟದ್ದೂ ಉಂಟು. ಆದಿವಾಸಿಗಳು ಬಿಡಲಿಲ್ಲ; 1997ರಲ್ಲಿ ಹೈಕೋರ್ಟು ಅದನ್ನು ನಿಲ್ಲಿಸಿತು. ಇನ್ನು ನಮ್ಮ ಹೋಬಳಿಯೊಳಗೇ ನೋಡಿದರೆ ಆ ನಾಟಕದ ‘ರೈತ’ ಎಂಬ ಪದವೇ ಮೋಸ. ಹೊಗೆಸೊಪ್ಪಿನ ಬ್ಯಾರನ್ನಿಗೆ ಲೋಡುಗಟ್ಟಲೆ ಸೌದೆ ಇಳಿಸಿಕೊಳ್ಳುವವನೂ ರೈತ, ಆ ಬ್ಯಾರನ್ ಮುಂದೆ ರಾತ್ರಿಯೆಲ್ಲ ಬೆಂಕಿ ಕಾಯುವ ಕೂಲಿಯವನೂ ರೈತನೇ? ಚಿರತೆ ಬಂದರೆ ಸಿಕ್ಕುವುದು ಯಾರು, ಹೇಳಿ.

ಬೈಗುಳದ ಮಾತಿಗೆ ಬರೋಣ. ಪಿರಿಯಾಪಟ್ಟಣ ದಾಟಿದರೆ ಕೊಡಗು. ಅಲ್ಲಿ ಗೋಣಿಕೊಪ್ಪದ ಹತ್ತಿರದ ದೇವರಪುರದಲ್ಲಿ ಪ್ರತಿ ಮೇ ತಿಂಗಳು ಕುಂಡೆ ಹಬ್ಬ. ಜೇನುಕುರುಬರು, ಬೆಟ್ಟಕುರುಬರು, ಯರವರು ಹೆಣ್ಣುವೇಷ, ಹರಕು ವೇಷ ಹಾಕಿಕೊಂಡು ರಸ್ತೆಗೆ ಇಳಿಯುತ್ತಾರೆ. ಎದುರಿಗೆ ಸಿಕ್ಕಿದವರನ್ನೆಲ್ಲ ಹಾಡಿನಲ್ಲೇ ಬೈಯುತ್ತಾರೆ. ತೋಟದ ಯಜಮಾನನಿಗೂ ಬೈಗುಳ, ಅಧಿಕಾರಿಗೂ ಬೈಗುಳ. ಕೊನೆಗೆ ದೇವರಿಗೇ ಬೈಗುಳ, ಯಾಕೆಂದರೆ ಬೇಟೆಗೆಂದು ಕಾಡಿಗೆ ಕರೆದುಕೊಂಡು ಹೋದ ಅಯ್ಯಪ್ಪ ಭದ್ರಕಾಳಿಯನ್ನು ಕಂಡದ್ದೇ ತಮ್ಮನ್ನು ನಡುಗಾಡಿನಲ್ಲಿ ಬಿಟ್ಟು ಹೋದ ಎಂಬುದು ಅವರ ದೂರು. ಸಭ್ಯರು ಇದನ್ನು ಅಶ್ಲೀಲ ಎಂದು ಮೂಗು ಮುಚ್ಚಿಕೊಳ್ಳುತ್ತಾರೆ. ನಮಗೆ ಇದು ನಾಗರಹೊಳೆಯ ಸುತ್ತಿನ ಅತ್ಯಂತ ಪ್ರಾಮಾಣಿಕ ರಂಗಭೂಮಿ. ವರ್ಷದಲ್ಲಿ ಒಂದು ದಿನ ಎನ್ನುವುದೇ ಇದರ ಮಿತಿ. ಮಾರನೇ ದಿನ ಅದೇ ತೋಟ, ಅದೇ ಯಜಮಾನ. ಆದರೂ ಕೈಬಿಟ್ಟವನು ದೇವರಾದರೂ ಸರಿ, ಎದುರಿಗೆ ನಿಂತು ಹೇಳಬೇಕು ಎಂಬ ಧೈರ್ಯ ಅದರಲ್ಲಿದೆ.

ಬೈಯಲು ಜಾಗ ಇಲ್ಲದ ಕಡೆ ಏನಾಗುತ್ತದೆ? 2025ರ ಜೂನ್ ಕೊನೆಯಲ್ಲಿ ಮಲೆ ಮಹದೇಶ್ವರ ಬೆಟ್ಟದ ಹೂಗ್ಯಂ ವಲಯದಲ್ಲಿ ತಾಯಿ ಹುಲಿ, ಅದರ ನಾಲ್ಕು ಮರಿ, ಐದೂ ಸತ್ತು ಬಿದ್ದವು. ಹುಲಿ ಕೊಂದ ಹಸುವಿನ ಮೈಗೆ ವಿಷ ಹಾಕಿದರೆಂದು ಹಸುವಿನ ಕಡೆಯವರ ಬಂಧನವಾಯಿತು. ಎಂಥ ಬೆಟ್ಟ ಅದು! ಹುಲಿಯನ್ನೇ ವಾಹನ ಮಾಡಿಕೊಂಡ ಮಾದಪ್ಪನ ಬೆಟ್ಟ. ಕಂಸಾಳೆಯವರು ರಾತ್ರಿಯಿಡೀ ಹಾಡುವ ಆ ಕಾವ್ಯದಲ್ಲಿ ಶತ್ರು ಹುಲಿಯಲ್ಲ, ಶ್ರವಣ ದೊರೆ. ಹುಲಿ ಮಾದಪ್ಪನ ಕಡೆ, ಅಂದರೆ ನಮ್ಮ ಕಡೆ. ಆ ಹಾಡು ಕೇಳಿಯೇ ಬೆಳೆದ ಸೀಮೆಯಲ್ಲಿ ಒಬ್ಬ ಮನುಷ್ಯ ಮರಿಗಳೂ ತಿನ್ನುತ್ತವೆ ಅಂತ ಗೊತ್ತಿದ್ದೂ ವಿಷ ಬೆರೆಸುತ್ತಾನೆಂದರೆ ಅದು ಕ್ರೌರ್ಯವೇ, ನಾವು ಅದನ್ನು ಸಮರ್ಥಿಸುವುದಿಲ್ಲ. ಆದರೆ ವಿಷಕ್ಕೆ ಮೊದಲು ಅವನು ಯಾರ ಹತ್ತಿರ ಕೂಗಾಡಬಹುದಿತ್ತು ಎಂದು ನಾಟಕ ಬರೆಯುವವನು ಕೇಳಿಕೊಳ್ಳಬೇಡವೇ? ಅದೇ ವರ್ಷ ನವೆಂಬರಿನಲ್ಲಿ ಸರಗೂರು ಕಡೆ ಹುಲಿ ಜನರನ್ನು ಕೊಂದ ಮೇಲೆ ಊರವರು ಬೀದಿಗೆ ಬಂದು ಕೂಗಿದರು. ಸರ್ಕಾರ ನಾಗರಹೊಳೆ, ಬಂಡೀಪುರದ ಸಫಾರಿ ನಿಲ್ಲಿಸಿತು. ಕೂಗಿಗೆ ಅಷ್ಟು ಬಲ ಇದೆ.

ನಮ್ಮವರ ಕೂಗೆಲ್ಲ ಸರಿಯೆಂದೂ ನಾವು ಹೇಳುವುದಿಲ್ಲ. ಬಿಳಿಕೆರೆಯಲ್ಲಿ ಚಿರತೆ ಕಂಡರೆ ಮೊದಲ ಕೂಗು ‘ಬೋನು ಇಡ್ಸಿ’ ಅನ್ನೋದು. ಮಹಾರಾಷ್ಟ್ರದ ಜುನ್ನರ್ ಕಡೆ 2001ರಿಂದ ಸಾಲಾಗಿ ಚಿರತೆ ಹಿಡಿದು ಬೇರೆ ಕಾಡಿಗೆ ಬಿಟ್ಟ ಮೇಲೆ ಮನುಷ್ಯರ ಮೇಲಿನ ದಾಳಿ ಇಳಿಯದೆ ಏರಿತು ಎಂದು ಅಲ್ಲಿ ಕೆಲಸ ಮಾಡಿದವರು ಬರೆದಿದ್ದಾರೆ. ಒಂದನ್ನು ಒಯ್ದರೆ ಆ ಜಾಗಕ್ಕೆ ಇನ್ನೊಂದು ಬರುತ್ತದೆ. ಒಯ್ದದ್ದು ಗೊತ್ತಿಲ್ಲದ ಊರಲ್ಲಿ ಕಂಗೆಟ್ಟು ತಿರುಗುತ್ತದೆ. ಕಬ್ಬಿನ ಗದ್ದೆಯಲ್ಲಿ ಸಿಕ್ಕ ಮರಿಗಳನ್ನು ಅಲ್ಲೇ ಬಿಟ್ಟರೆ ತಾಯಿ ರಾತ್ರಿ ಬಂದು ಒಯ್ಯುತ್ತದೆ. ಇಂಥ ಉಪಯೋಗದ ಮಾತು ಒಂದಾದರೂ ಆ ಇಪ್ಪತ್ತು ನಿಮಿಷದಲ್ಲಿ ಇತ್ತೇ? ಇರಲಿಲ್ಲ. ಬ್ರೆಜಿಲಿನ ಆಗಸ್ಟೊ ಬೋಲ್ ನಾಟಕವನ್ನು ನಡುವೆ ನಿಲ್ಲಿಸಿ, ನೋಡುವವನೇ ರಂಗಕ್ಕೆ ಬಂದು ಮುಂದಿನದನ್ನು ಆಡಿ ತೋರಿಸುವಂತೆ ಮಾಡಿದ. ಬಂಗಾಳದಲ್ಲಿ 1985ರಲ್ಲಿ ಹುಟ್ಟಿದ ‘ಜನ ಸಂಸ್ಕೃತಿ’ಯವರು ಹಳ್ಳಿಗಳಲ್ಲಿ ಅದನ್ನೇ ಮಾಡುತ್ತಾ ಬಂದರು. ಆವತ್ತು ನಮ್ಮ ಅಜ್ಜಿ ಮಾಡಿದ್ದೂ ಅದೇ. ಅವಳನ್ನು ಆಫೀಸಿಗೆ ಕಳಿಸಿದರು, ಅಷ್ಟೇ.

ಈಗ ಸಂಜೆ ಹೊತ್ತು ನಾಲ್ಕಾರು ಜನ ಕೆರೆ ಏರಿ ಮೇಲೆ ಸೇರಿ ನಾವೂ ಒಂದು ಆಟ ಕಟ್ಟುತ್ತಿದ್ದೇವೆ. ನಡುವೆ ಒಂದು ಬೋನು, ಬೋನಿನಲ್ಲಿ ಒಂದು ಮೇಕೆ. ಅಜ್ಜಿ ಅಜ್ಜಿಯಾಗಿಯೇ ಬರುತ್ತಾಳೆ. ಬಾಬಯ್ಯನ ಹಬ್ಬದಲ್ಲಿ ಹುಲಿವೇಷ ಹಾಕಿ ಕುಣಿದ ದೊಡ್ಡಪ್ಪನೊಬ್ಬ ಹುಲಿಯಾಗಲು ಒಪ್ಪಿದ್ದಾನೆ. ಅವನದೊಂದು ಶರತ್ತು: ‘ಸುಮ್ಕೆ ಅಳಕ್ಕೆ ನನ್ ಕೈಲಾಗಕಿಲ್ಲ ಕಣ್ರಪ್ಪ. ಎಲ್ರೂ ಬೈತಾರೆ ಅಂದ್ಮೇಲೆ ನಂಗೂ ನಾಕ್ ಬೈಗುಳ ಬರ್ಕೊಡಿ.’ ನಿಜ. ಹೊಳೆ ಮುಳುಗಿಸಿಕೊಂಡ ಕಾಡು, ಲಂಟಾನ ತುಂಬಿದ ಹುಲ್ಲುಗಾವಲು, ಹಗಲೆಲ್ಲ ಬೆನ್ನಟ್ಟುವ ಕ್ಯಾಮರಾ, ಹುಲಿಗೂ ಹೇಳಿಕೊಳ್ಳುವುದು ಬೇಕಾದಷ್ಟಿದೆ. ಬರೆಯುತ್ತಿದ್ದೇವೆ. ರೆಸಾರ್ಟಿನ ಯಜಮಾನನ ಪಾತ್ರಕ್ಕೆ ಮೂರು ಜನ ನಾ ಮುಂದು ತಾ ಮುಂದು ಅಂತ ನಿಂತಿದ್ದಾರೆ. ವಾಚರ್ ಪಾತ್ರಕ್ಕೆ ಮಾತ್ರ ಇನ್ನೂ ಯಾರೂ ಒಪ್ಪಿಲ್ಲ. ಎರಡೂ ಕಡೆಯಿಂದ ಬೈಗುಳ ತಿನ್ನಬೇಕಲ್ಲ, ಅದಕ್ಕೆ.