ವ್ಯಾನಿಗೆ ನೆರಳು, ಪ್ಯಾನೆಲ್ಲಿಗೆ ಬಿಸಿಲು

ಟೆಂಪೊ ಟ್ರಾವೆಲರ್ ಕೊಂಡು ಅದನ್ನೇ ಓಡಾಡುವ ಮನೆ ಮಾಡಿಕೊಳ್ಳುವವರಲ್ಲಿ ಅನೇಕರು ಮೊದಲು ಯೋಚಿಸುವುದು ಛಾವಣಿಯ ಸೋಲಾರ್ ಪ್ಯಾನೆಲ್ ಬಗ್ಗೆ. ಆಸೆ ಒಳ್ಳೆಯದೇ. ಆದರೆ ಅದನ್ನು ಕೂರಿಸುವ ರೀತಿಯನ್ನು ಅವರು ಹೆಚ್ಚಾಗಿ ಕಲಿಯುವುದು ಯುರೋಪು, ಅಮೆರಿಕದ ವಿಡಿಯೊಗಳಿಂದ. ಅಲ್ಲಿನ ಸೂರ್ಯನಿಗೆ ಹೊಂದುವ ಏರ್ಪಾಡು ಇಲ್ಲಿನವನಿಗೆ ಹೊಂದುವುದಿಲ್ಲ.

ಓರೆಯಾಗಿ ಎತ್ತಿ ನಿಲ್ಲಿಸುವ ಚೌಕಟ್ಟನ್ನೇ ನೋಡಿ. ಲಂಡನ್ನಿನಲ್ಲಿ ಡಿಸೆಂಬರ್ ನಡುಹಗಲಲ್ಲೂ ಸೂರ್ಯ 15 ಡಿಗ್ರಿಯಷ್ಟೇ ಮೇಲೇರುತ್ತಾನೆ. ಅಲ್ಲಿ ಅದು ಬೇಕು. ಬೆಂಗಳೂರಿನಲ್ಲಿ ಅದೇ ತಿಂಗಳು ಅವನು 53 ಡಿಗ್ರಿ ಎತ್ತರದಲ್ಲಿರುತ್ತಾನೆ, ಏಪ್ರಿಲ್ ಕೊನೆಗೆ ನೆತ್ತಿಗೇ ಬರುತ್ತಾನೆ. ಪ್ಯಾನೆಲ್ಲನ್ನು ಮಲಗಿಸಿಟ್ಟರೆ ಸಾಕು. ಚೌಕಟ್ಟಿನ ಭಾರ, ಗಾಳಿಯ ಅಪಾಯ ಎರಡೂ ತಪ್ಪುತ್ತವೆ.

ನಮ್ಮ ನಿಜವಾದ ತೊಂದರೆ ಶಾಖ. ಪ್ಯಾನೆಲ್ಲಿನ ಮೇಲೆ ಬರೆದ 100 ವಾಟ್, ಅದರ ಬಿಲ್ಲೆಗಳು (ಸೆಲ್‌ಗಳು) 25 ಡಿಗ್ರಿಯಲ್ಲಿದ್ದಾಗಿನ ಲೆಕ್ಕ. ಬೇಸಿಗೆಯ ತಗಡಿನ ಛಾವಣಿಯ ಮೇಲೆ ಅವು 65 ಡಿಗ್ರಿ ಮುಟ್ಟುವುದು ಸುಲಭ. ಡಿಗ್ರಿಗೆ ಸುಮಾರು ಶೇ. 0.4ರಂತೆ ಇಳಿದು ಆಗ ಉಳಿಯುವುದು 84 ವಾಟ್. ಅದಕ್ಕೇ ಛಾವಣಿಗೆ ಅಂಟಿಸುವ ತೆಳು, ಬಾಗುವ ಪ್ಯಾನೆಲ್ಲನ್ನು ನಾನು ಯಾರಿಗೂ ಹೇಳುವುದಿಲ್ಲ. ಅದರ ಬೆನ್ನಿಗೆ ಗಾಳಿಯೇ ಸಿಗದು. ಗಾಜಿನ ಗಟ್ಟಿ ಪ್ಯಾನೆಲ್ಲನ್ನು ಎರಡು ಇಂಚು ಎತ್ತರಿಸಿ ಕೂರಿಸಿದರೆ ಗಾಳಿಯಾಡುತ್ತದೆ, ಅದರಡಿಯ ಛಾವಣಿಗೂ ನೆರಳಾಗುತ್ತದೆ.

ಇಷ್ಟಾದರೂ ಒಂದು ಜಗಳ ಉಳಿಯುತ್ತದೆ. ಮಧ್ಯಾಹ್ನ ವ್ಯಾನನ್ನು ಹುಣಸೆಮರದಡಿ ನಿಲ್ಲಿಸದೆ ಒಳಗೆ ಕೂರಲಾಗದು. ಅಲ್ಲಿ ನಿಲ್ಲಿಸಿದರೆ ಪ್ಯಾನೆಲ್ ಸುಮ್ಮನಾಗುತ್ತದೆ. ಬಿಲ್ಲೆಗಳನ್ನು ಸಾಲಾಗಿ ಜೋಡಿಸಿರುವುದರಿಂದ ಒಂದು ಕೊಂಬೆಯ ನೆರಳೂ ಇಡೀ ಸಾಲಿನ ಕರೆಂಟನ್ನು ಕಟ್ಟಿಹಾಕಬಲ್ಲದು. ಛಾವಣಿಯಲ್ಲಿ ಎರಡು ಕೂರಿಸುವ ಬದಲು ಒಂದನ್ನು ಮೇಲಿಟ್ಟು, ಇನ್ನೊಂದನ್ನು ಮಡಿಚಿ ಒಯ್ಯುವಂಥದ್ದಾಗಿ ಕೊಂಡು ಉದ್ದದ ವೈರಿನೊಡನೆ ಬಿಸಿಲಿಗೆ ಹರಡುವುದು ಇಲ್ಲಿಗೆ ಹೆಚ್ಚು ಒಪ್ಪುತ್ತದೆ. ಹತ್ತಿರವಿದ್ದು ಕಾಯಬೇಕು, ನಿಜ.

100 ವಾಟಿನಿಂದ ಒಳ್ಳೆಯ ಬಿಸಿಲಿನ ದಿನ ಕೈಗೆ ಸಿಗುವುದು 350ರಿಂದ 400 ವಾಟ್-ಅವರ್. ದೀಪ, 12 ವೋಲ್ಟಿನ ಫ್ಯಾನು, ಮೊಬೈಲು, ಲ್ಯಾಪ್‌ಟಾಪಿಗೆ ಧಾರಾಳ. 45 ವಾಟಿನ ಕಂಪ್ರೆಸರ್ ಫ್ರಿಜ್ ದಿನದ ಅರ್ಧ ಹೊತ್ತು ಓಡಿದರೆ 540 ಬೇಕು. ಇಂಡಕ್ಷನ್ ಒಲೆಯ ಮಾತೇ ಬೇಡ.

ಮಲೆನಾಡಿನ ಆಷಾಢದಲ್ಲಿ ಈ ಲೆಕ್ಕವೂ ನಿಲ್ಲದು. ಆಗ ಕೈಹಿಡಿಯುವುದು ಎಂಜಿನ್ನಿನ ಆಲ್ಟರ್ನೇಟರಿನಿಂದ ವ್ಯಾನಿನೊಳಗಿನ ಬಳಕೆಯ ಬ್ಯಾಟರಿಗೆ ಕರೆಂಟು ಹರಿಸುವ ಡಿಸಿ-ಡಿಸಿ ಚಾರ್ಜರ್. 30 ಆಂಪಿಯರಿನದಾದರೆ ಒಂದು ಗಂಟೆಯ ಓಟದಲ್ಲಿ ಸುಮಾರು 380 ವಾಟ್-ಅವರ್, ಅಂದರೆ ಪ್ಯಾನೆಲ್ಲಿನ ಇಡೀ ದಿನದ ದುಡಿಮೆ. ಎರಡನೆಯ ಪ್ಯಾನೆಲ್ಲಿಗಿಂತ ಮೊದಲು ನಾನು ಇದಕ್ಕೇ ದುಡ್ಡು ಹಾಕಿಸುತ್ತೇನೆ.

ಪ್ಲೈವುಡ್ಡಿನ ಹಿಂದೆ ಅಡಗುವ ವೈರಿಂಗಿನಲ್ಲಿ ಮಾಡುವ ಜುಗ್ಗತನವನ್ನಂತೂ ಒಪ್ಪಲಾರೆ. 12 ವೋಲ್ಟಿನಲ್ಲಿ ಅರ್ಧ ವೋಲ್ಟ್ ಸೋರಿದರೂ ದೊಡ್ಡ ನಷ್ಟ, ತೆಳು ವೈರು ಕಾದರೆ ಬೆಂಕಿ. ಬ್ಯಾಟರಿಯ ಪಾಸಿಟಿವ್ ತುದಿಯಿಂದ ಒಂದು ಗೇಣಿನೊಳಗೆ ಫ್ಯೂಸ್ ಇಲ್ಲದ ವ್ಯಾನಿನಲ್ಲಿ ಮಕ್ಕಳನ್ನು ಮಲಗಿಸಬಾರದು.